ಓಡಿಹೋಗದವಳ ಪರವಾಗಿ

ವರ್ಡೆಲ್ ಅಕ್ಕನಿಗೆ ಪುಸ್ತಕ ಹಿಡಿದರೆ ಬೆರಳು ಮರಗಟ್ಟುತ್ತಿತ್ತು. ಮೇರಿಲ್ಯಾಂಡಿನ ಈ ಕೊಲ್ಲಿಯ ದಂಡೆಯಲ್ಲಿ ನಮ್ಮ ಅರ್ಧ ಊರಿನ ಹೊಟ್ಟೆ ತುಂಬಿಸುವುದು ಕೋಳಿ ಕಾರ್ಖಾನೆ. ಅಲ್ಲಿ ಕೋಳಿಮಾಂಸದಿಂದ ಮೂಳೆ ಬಿಡಿಸಿ ಬಿಡಿಸಿ ಅವಳ ಮಣಿಕಟ್ಟು ಹಾಳಾಗಿತ್ತು. ಆದರೂ ನಮ್ಮ ಚರ್ಚಿನ ಓದುಗರ ಕೂಟಕ್ಕೆ ಆರಿಸಿದ್ದ ದಪ್ಪ ಕಾದಂಬರಿಯನ್ನು ಊಟದ ಬಿಡುವಿನಲ್ಲಿ ಮೇಜಿನ ಮೇಲೆ ಹರಡಿಕೊಂಡು ಓದಿ ಮುಗಿಸಿದಳು. ಆ ಕೂಟ ನಡೆಸುವವಳು ಅವಳ ಮಗಳು ಜೊನೆಲ್, ಶಾಲೆಯ ಮೇಡಂ. "ಆ ದರಿದ್ರ ಕೆಲಸ ಬಿಡಮ್ಮ" ಎಂದು ಹೇಳಿ ಹೇಳಿ ಸೋತು, ತಾಯಿಯ ಜೊತೆ ಮಾತೇ ಕಡಿಮೆ ಮಾಡಿದ್ದಳು. ಆ ಮಗಳ ಪಕ್ಕ ಒಂದು ಸಂಜೆ ಕೂರಬೇಕು, ವರ್ಡೆಲ್ ಅಕ್ಕನಿಗೆ ಬೇಕಿದ್ದದ್ದು ಅಷ್ಟೇ.

ಕಾದಂಬರಿಯಲ್ಲಿ ನಮ್ಮ ಕಾಲದ ನರ್ಸೊಬ್ಬಳು ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ನಮ್ಮ ಕರಿಯರ ಹಿರೀಕರು ಗುಲಾಮರಾಗಿದ್ದ ಕಾಲಕ್ಕೆ ಹೋಗಿಬಿಡುತ್ತಾಳೆ. ಅಲ್ಲೊಂದು ತಬ್ಬಲಿ ಹೆಣ್ಣುಮಗು ಅವಳನ್ನು ಹಚ್ಚಿಕೊಳ್ಳುತ್ತದೆ. ಪಾರಾಗಲು ದೋಣಿ ಬಂದ ದಿನ ಮಗುವಿಗೆ ಜ್ವರ. ದೋಣಿ ಹೋಗುತ್ತದೆ, ಇವಳು ಉಳಿಯುತ್ತಾಳೆ.

ನಮ್ಮ ಕೂಟದಲ್ಲಿ ಪುಸ್ತಕದ ಮಾತನ್ನೂ ಚರ್ಚಿನಲ್ಲಿ ಸಾಕ್ಷಿ ನುಡಿಯುವ ಹಾಗೆಯೇ ಆಡುವುದು. ಒಬ್ಬೊಬ್ಬರಾಗಿ ಎದ್ದು "ನಾನಾಗಿದ್ರೆ" ಎಂದು ಶುರುಮಾಡಬೇಕು. ಮುಗಿಸಿದಾಗ ಉಳಿದವರು ಒಪ್ಪಿ "ಆಮೆನ್" ಎನ್ನಬೇಕು.

"ನಾನಾಗಿದ್ರೆ ಆ ಧಣಿ ಕುತ್ತಿಗೆ ಹಿಸುಕಿ ಓಡ್ತಿದ್ದೆ!" ಎಂದಳು ಓಟೀಲಿಯಾ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವಳು, ಓಡುತ್ತಾಳಂತೆ! ಆದರೂ ಆಮೆನ್ ಎಂದು ನಾನೂ ಕೂಗಿದೆ, ಸುಳ್ಳೇಕೆ ಹೇಳಲಿ.

"ನಾನಾಗಿದ್ರೆ ಈಜಿಯಾದ್ರೂ ದಾಟ್ತಿದ್ದೆ. ಆ ನರ್ಸಿಗೆ ಬೆನ್ನುಮೂಳೇನೇ ಇಲ್ಲ," ಎಂದರು ಚರ್ಚಿನ ಹಿರಿಯ, ಡೀಕನ್ ಥರ್ಮನ್. ಮತ್ತೆ ಆಮೆನ್.

ವರ್ಡೆಲ್ ಅಕ್ಕ ಮೇಜು ಹಿಡಿದು ಎದ್ದಳು. "ನಾನಾಗಿದ್ರೆ ಓಡ್ತಿರ್ಲಿಲ್ಲ."

ಜೊನೆಲ್ ತಲೆ ತಗ್ಗಿಸಿದಳು. "ಅಮ್ಮ, ಸಾಕು, ಕೂತ್ಕೋ."

"ದಿನವಿಡೀ ನಿಂತಿರ್ತೀನಿ, ಇನ್ನೊಂದು ಗಳಿಗೆ ನಿಂತ್ರೆ ಸಾಯಲ್ಲ. ಎಲ್ರೂ ಓಡು ಓಡು ಅಂತೀರಲ್ಲ, ಮಗು ಎತ್ಕೊಂಡು ಓಡಿದ್ರೆ ಅದು ಅಳುತ್ತೆ, ಇಬ್ರೂ ಸಿಕ್ಕಿಬೀಳ್ತೀವಿ. ಬಿಟ್ಟು ಹೋದ್ರೆ ಅದಕ್ಕೆ ಯಾರಿದಾರೆ? ಆ ಕಾಲದಲ್ಲಿ ಓಡಿದೋರ ಹೆಸರು ಊರ ರಸ್ತೆಗೆ ಇಟ್ಟಿದೀರಿ, ಸಂತೋಷ. ಆದ್ರೆ ಉಳಿದೋರ ಹೊಟ್ಟೇಲಿ ಹುಟ್ಟಿದೋರು ನಾವು. ಅವರಿಗೆ ಬೆನ್ನುಮೂಳೆ ಇಲ್ಲ ಅಂತೀರಾ, ಡೀಕನ್ನರೇ?"

ಒಬ್ಬರೂ ಆಮೆನ್ ಎನ್ನಲಿಲ್ಲ.

"ಅಮ್ಮ, ನೀನು ಆ ಕಾರ್ಖಾನೆ ಬಿಡ್ದೇ ಇದ್ದಿದ್ದು ನಂಗೋಸ್ಕರಾನಾ?" ಜೊನೆಲ್ ಮೆಲ್ಲಗೆ ಕೇಳಿದಳು.

"ಮತ್ತೆ ಇನ್ಯಾತಕ್ಕೆ? ಕೋಳಿ ಮೇಲೆ ಪ್ರೀತಿ ಉಕ್ಕಿ? ನಿನ್ನ ಓದು ಮುಗೀಲಿ ಅಂತ ಕಾದೆ. ಮುಗಿಯೋ ಹೊತ್ತಿಗೆ ಈ ಕೈ ಇನ್ನೆಲ್ಲಿಗೂ ಬೇಡವಾಗಿತ್ತು. ನಂಗೆ ಸಾಕಾಗಿದೆ ಮಗಳೇ."

ಓಟೀಲಿಯಾ ಕೋಳಿ ಮಾತಿಗೆ ಕಿಸಕ್ಕನೆ ನಕ್ಕು, ಬಾಯಿ ಮುಚ್ಚಿಕೊಂಡಳು. ಮುಂದಿನ ಸರದಿ ಜೊನೆಲ್‌ಳದು. ಎದ್ದಳು. "ನಾನಾಗಿದ್ರೆ" ಎಂದಳು. ಕೈಯಲ್ಲಿದ್ದ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

"ನಾನು ಆ ನರ್ಸಲ್ಲ," ಎಂದಳು ಕೊನೆಗೆ. "ಆ ಮಗು ನಾನು."

ವರ್ಡೆಲ್ ಅಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಸರಿ ಬಾ, ಮನೆಗೆ ಹೋಗೋಣ. ಬೆಳಿಗ್ಗೆ ನಂಗೆ ಪಾಳಿ ಇದೆ."