ಕಂಬಳಿ ಹೊದ್ದ ಪುಸ್ತಕದ ಪೆಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಂಪಾಪುರ ದಾಟಿದ ಮೇಲೆ ಸಿಗುವ ಆದಿಕರ್ನಾಟಕರ ಬೀದಿಯ ಕೊನೆಯ ಗುಡಿಸಲಿನ ಮುಂದೆ ಮರಿಯಯ್ಯ ಮಂಡಿಯೂರಿ ಕೂತಿದ್ದಾರೆ. ತಲೆಯ ಮೇಲೆ ಹಳೆಯ ಪಂಚೆ ಸುತ್ತಿ ಮಾಡಿದ ಸಿಂಬಿ. ಹೆಂಡತಿ ರಾಚಮ್ಮ ಒಂದು ಕಡೆ, ನೆರೆಮನೆಯ ಮರಮ್ಮ ಇನ್ನೊಂದು ಕಡೆ ನಿಂತು, ಹಲಸಿನ ಹಲಗೆಯ ಪೆಟ್ಟಿಗೆಯೊಂದನ್ನು ಎತ್ತಿ ಆ ಸಿಂಬಿಯ ಮೇಲೆ ಕೂರಿಸುತ್ತಾರೆ. ಮರಿಯಯ್ಯ ಒಂದು ಕೈಯನ್ನು ನೆಲಕ್ಕೆ ಊರಿ, ಉಸಿರು ಹಿಡಿದು ಎದ್ದು ನಿಲ್ಲುತ್ತಾರೆ. ಮಂಡಿ ಲಟಕ್ಕೆಂದ ಸದ್ದು ದೂರ ನಿಂತ ನನಗೂ ಕೇಳಿಸುತ್ತದೆ.

“ಏಳೋದೊಂದೇ ಕಷ್ಟ ಕಣ್ ಸೋಮಿ. ಎದ್ಮೇಕೆ ಕಾಲು ಅದ್ರ ಪಾಡ್ಗೆ ಅದು ಓಯ್ತದೆ,” ಎನ್ನುತ್ತಾರೆ. ನಿಜವೆಂದರೆ ಕಾಲು ಅಷ್ಟು ಸಲೀಸಾಗಿ ಹೋಗುತ್ತಿಲ್ಲ. ಐವತ್ತು ದಾಟಿದ ಕಾಲು ಅದು, ಹಿಮ್ಮಡಿಯೆಲ್ಲ ಬಿರುಕು. ಆದರೂ ನನ್ನ ಬೂಟುಗಾಲು ಅವರಿಗಿಂತ ಹಿಂದೆಯೇ ಉಳಿಯುತ್ತದೆ.

ಪೆಟ್ಟಿಗೆಯ ತುಂಬ ಪುಸ್ತಕ. ಹುಣಸೂರಿನ ಕೆಲವು ಹಿರಿಯರು ಸೇರಿ ಕಟ್ಟಿದ ಸಂಚಾರಿ ಪುಸ್ತಕ ಭಂಡಾರದ ಪೆಟ್ಟಿಗೆಗಳಲ್ಲಿ ಇದೂ ಒಂದು. ಪಿರಿಯಾಪಟ್ಟಣದ ಕಡೆ ಹಾರನಹಳ್ಳಿ ಸುತ್ತ ಒಂದು ಪೆಟ್ಟಿಗೆ ತಿರುಗುತ್ತದೆ, ಕೋಟೆ ತಾಲ್ಲೂಕಿನಲ್ಲಿ ಇದು. ಒಂದು ಊರಿನಲ್ಲಿ ಒಂದು ತಿಂಗಳು ಇರುತ್ತದೆ. ಓದುವವರು ಓದಿಕೊಳ್ಳುತ್ತಾರೆ. ಆಮೇಲೆ ಮರಿಯಯ್ಯ ಹೋಗಿ ಹೊತ್ತು ತಂದು ಮುಂದಿನ ಊರಿಗೆ ಮುಟ್ಟಿಸುತ್ತಾರೆ. ಬೀಗದ ಕೈ ಆಯಾ ಊರಿನ ಮೇಷ್ಟರ ಬಳಿ ಇರುತ್ತದೆ, ಹೊರುವವರ ಬಳಿ ಇರುವುದಿಲ್ಲ. ಹೀಗಾಗಿ ನಡುದಾರಿಯ ರಾತ್ರಿಗಳನ್ನು ಪುಸ್ತಕಗಳು ಮರಿಯಯ್ಯನ ಗುಡಿಸಲಿನಲ್ಲೇ ಕಳೆದರೂ ಬೀಗ ಹಾಕಿಸಿಕೊಂಡೇ ಕಳೆಯುತ್ತವೆ.

“ಮನೇಗ್ ಬಂದ್ ನೆಂಟ್ರು ಮಾತೇ ಆಡ್ದಂಗೆ ಕುಂತಿದ್ದು ಓದಂಗೆ,” ಎಂದು ರಾಚಮ್ಮ ನಗುತ್ತಾರೆ. ಆ ಬೀದಿಯಲ್ಲಿ ಅಕ್ಷರ ಬಲ್ಲವರು ಯಾರೂ ಇಲ್ಲ, ಮರಿಯಯ್ಯನೂ ಸೇರಿ. ಬೀಗ ತೆಗೆದರೂ ನೆಂಟರು ಮಾತಾಡುವುದು ಕಷ್ಟವೇ.

ಮೊದಲು ಇಷ್ಟು ನಡಿಗೆ ಇರಲಿಲ್ಲ. ಹುಣಸೂರಿನಿಂದ ಹ್ಯಾಂಡ್‌ಪೋಸ್ಟಿನ ತನಕ ಬಸ್ಸಿನ ಮೇಲೆ ಪೆಟ್ಟಿಗೆ ಬರುತ್ತಿತ್ತು. ಯುದ್ಧ ಶುರುವಾದ ಮೇಲೆ ಪೆಟ್ರೋಲಿಗೆ ತತ್ವಾರ, ಬಸ್ಸುಗಳು ಇದ್ದಿಲು ತಿಂದು ಓಡುತ್ತಿವೆ. ಏರು ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕು. ಅಂಥ ಬಸ್ಸಿಗೆ ಕಥೆ ಕಾದಂಬರಿಯ ಭಾರ ಯಾಕೆ ಎಂದು ಕಂಡಕ್ಟರು ಮುಖ ತಿರುಗಿಸಿದ್ದಾನೆ. ಹಾಗಾಗಿ ಆ ದಾರಿಯೂ ಈಗ ಮರಿಯಯ್ಯನ ತಲೆಗೇ ಬಿದ್ದಿದೆ. ಕೂಲಿ ಮಾತ್ರ ಹಳೆಯದೇ.

ಇವರನ್ನು ನಾನು ಮೊದಲು ಕಂಡದ್ದು ಹುಣಸೂರಿನ ಒಂದು ಸಭೆಯಲ್ಲಿ. ದೇಶವಿದೇಶಗಳಲ್ಲಿ ಪುಸ್ತಕಾಲಯಗಳು ಬೆಳೆದು ಬಂದ ಬಗೆ ಎಂಬ ಭಾಷಣ, ಜೊತೆಗೆ ಮ್ಯಾಜಿಕ್ ಲಾಂದ್ರದ ಚಿತ್ರಗಳು. ಅಮೆರಿಕದಲ್ಲಿ ಮೊದಲು ಕುದುರೆಗಾಡಿಯಲ್ಲಿ ಪುಸ್ತಕ ರೈತರ ಬಾಗಿಲಿಗೆ ಹೋಗುತ್ತಿತ್ತಂತೆ, ಈಗ ಮೋಟಾರಿನಲ್ಲಿ ಹೋಗುತ್ತದಂತೆ. ಇಂಗ್ಲೆಂಡಿನ ಹಳ್ಳಿಯವರಿಗೆ ಬೇಕಾದ ಪುಸ್ತಕವನ್ನು ಜಿಲ್ಲೆಯವರೇ ಕಳಿಸುತ್ತಾರಂತೆ. ನಮ್ಮಲ್ಲೇ ಬರೋಡದಲ್ಲಿ ಮರದ ಪೆಟ್ಟಿಗೆಗಳು ಸಂಸ್ಥಾನವನ್ನೆಲ್ಲ ಸುತ್ತುತ್ತಿವೆಯಂತೆ. ಕೊನೆಗೆ ಭಾಷಣಕಾರರು, “ಮೈಸೂರಿನವರು ನಾವೇನೂ ಹಿಂದೆ ಬಿದ್ದಿಲ್ಲ,” ಎಂದು ವೇದಿಕೆಯ ಮೇಲೆ ಹೂಮಾಲೆ ಹಾಕಿಸಿಕೊಂಡು ಕೂತಿದ್ದ ಪೆಟ್ಟಿಗೆಯನ್ನು ತಟ್ಟಿದರು. ಜೋರು ಚಪ್ಪಾಳೆ ಬಿತ್ತು. ಅದನ್ನು ಅಲ್ಲಿಗೆ ಹೊತ್ತು ತಂದವರು ಮಾತ್ರ ಬಾಗಿಲಾಚೆ, ಸಭಿಕರ ಚಪ್ಪಲಿಗಳ ಪಕ್ಕದಲ್ಲಿ ಕೂತಿದ್ದರು. ಅಮೆರಿಕದ ಚಿತ್ರ ಹೇಗಿತ್ತು ಎಂದು ಕೇಳಿದೆ.

“ಕುದ್ರೆ ಚೆಂದಾಗಿತ್ತು ಸೋಮಿ. ಮೇವು ಚೆನ್ನಾಗ್ ಆಕ್ತಾರೆ ಅಂತ ಕಾಣ್ತದೆ.”

ಮರುದಿನ ಪೆಟ್ಟಿಗೆಯ ಹಿಂದೆ ಹೊರಡುವ ಮನಸ್ಸಾದದ್ದು ಆ ಮಾತು ಕೇಳಿ. ಆದರೆ ಅವರು ಒಪ್ಪಲಿಲ್ಲ. “ಈಗ್ ಬ್ಯಾಡಿ. ನನ್ ಕೆಲ್ಸ ಉಳೀತದೋ ಇಲ್ವೋ ನೋಡಾಣ, ಆಮೇಕ್ ಬನ್ನಿ,” ಎಂದರು. ಏನಾಯಿತೆಂದು ಕೆದಕಿ ಕೇಳಿದಾಗಲೇ ನೀರಿನ ವಿಚಾರ ಹೊರಬಂದದ್ದು.

ಇದನ್ನು ಬರೆಯುವಾಗ ಊರಿನ ಹೆಸರು ಹಾಕಬೇಡಿ ಎಂದು ಮರಿಯಯ್ಯ ಕೈಮುಗಿದು ಹೇಳಿದ್ದಾರೆ. ಹಾಕುವುದಿಲ್ಲ. ಅಲ್ಲಿನ ಯಜಮಾನರನ್ನು ಮಂಚಯ್ಯ ಎಂದೂ ಮೇಷ್ಟರನ್ನು ವೀರಭದ್ರಸ್ವಾಮಿ ಎಂದೂ ಕರೆದಿದ್ದೇನೆ, ಎರಡೂ ನಿಜವಾದ ಹೆಸರಲ್ಲ. ಆ ಊರಿನ ಚಾವಡಿಯ ಮುಂದೆ ಒಂದು ಚಪ್ಪಡಿ ಕಲ್ಲಿದೆ. ಮರಿಯಯ್ಯ ಪೆಟ್ಟಿಗೆಯನ್ನು ಆ ಕಲ್ಲಿನ ಮೇಲಿಳಿಸಿ, ಹಿಂದೆ ಸರಿದು, ಹುಣಸೆಮರದ ಬುಡದಲ್ಲಿ ನಿಲ್ಲಬೇಕು. ಆಮೇಲೆ ಮಂಚಯ್ಯ ಚೆಂಬಿನ ತುಂಬ ನೀರು ತಂದು, ಪೆಟ್ಟಿಗೆಯ ಮೇಲೆ ಚಿಮುಕಿಸಿ, ಮೈಲಿಗೆ ಕಳೆದು ಒಳಗೆ ತೆಗೆದುಕೊಳ್ಳುತ್ತಾರೆ. ಮಂಚಯ್ಯ ಕೆಟ್ಟವರಲ್ಲ. ಪುಸ್ತಕಕ್ಕೆ ಅವರಷ್ಟು ಬಾಯಿಬಿಡುವವರು ಆ ಊರಿನಲ್ಲಿ ಇನ್ನೊಬ್ಬರಿಲ್ಲ. ಪೆಟ್ಟಿಗೆ ಬೇಗ ಒಳಗೆ ಬರಲಿ ಎಂದೇ ಅವರು ಧಾರಾಳವಾಗಿ ಚೆಂಬನ್ನು ಪೂರ್ತಿ ಖಾಲಿ ಮಾಡುತ್ತಾರೆ. ಬಿಸಿಲಿಗೆ ಬಿರಿದ ಹಲಗೆಯ ಸಂದಿಗಳಿಂದ ಆ ನೀರು ನೇರ ಪುಸ್ತಕಕ್ಕೆ ಇಳಿಯುತ್ತದೆ. ಇಂಥ ಊರು ಅದೊಂದೇ ಅಲ್ಲ, ಆದರೆ ಚೆಂಬು ಅಲ್ಲಿನದೇ ದೊಡ್ಡದು.

ಪುಸ್ತಕಗಳು ಹುಣಸೂರಿಗೆ ಹಿಂತಿರುಗುವ ಹೊತ್ತಿಗೆ ಉಬ್ಬಿ, ಹಾಳೆಗಳು ಒಂದಕ್ಕೊಂದು ಅಂಟಿ, ಮುಗ್ಗಲು ಹಿಡಿದಿದ್ದವು. ಹೊಳೆ ದಾಟುವಾಗ ಅಜಾಗರೂಕತೆಯಿಂದ ಕಪಿಲೆಯಲ್ಲಿ ಅದ್ದಿದ್ದಾನೆ ಎಂದು ಭಂಡಾರದವರು ತೀರ್ಮಾನಿಸಿದರು. ಇನ್ನೊಂದು ಸಲ ನೆಂದು ಬಂದರೆ ಪೆಟ್ಟಿಗೆ ಬೇರೆಯವರ ತಲೆಗೆ ಹೋಗುತ್ತದೆ ಎಂದು ಖಡಾಖಂಡಿತ ಹೇಳಿದರು. ಮರಿಯಯ್ಯ ತಲೆ ತಗ್ಗಿಸಿ ನಿಂತರು, ಸತ್ಯ ಹೇಳಲಿಲ್ಲ.

“ಯಾಕೆ ಹೇಳಲಿಲ್ಲ?” ಎಂದೆ.

“ಯೋಳುದ್ರೆ ಏನಾಯ್ತದೆ ಸೋಮಿ? ಊರ್ನೋರು ಪೆಟ್ಗೇನೇ ಬ್ಯಾಡ ಅಂತಾರೆ. ಇಲ್ಲ, ಮುಟ್ಟಿಸ್ಕೊಳ್ಳಂತೋನ್ನ ಕಳ್ಸಿ ಅಂತಾರೆ. ಎರಡ್ರಲ್ಲೂ ಓಗೋದು ನಾನೇ.”

 

ಉಪಾಯ ಹೇಳಿದವರು ಕುರಿ ಕಾಯುವ ಚಿಕ್ಕಬೀರಯ್ಯ. ದಾರಿಯಲ್ಲೊಂದು ಹೊರೆಗಲ್ಲು ಇದೆ. ತಲೆಹೊರೆಯವರು ಯಾರ ಸಹಾಯವೂ ಇಲ್ಲದೆ ಭಾರ ಇಳಿಸಿ ದಣಿವಾರಿಸಿಕೊಳ್ಳಲೆಂದು ಹಿಂದಿನವರು ಎದೆಮಟ್ಟಕ್ಕೆ ನಿಲ್ಲಿಸಿದ ಕಲ್ಲು ಅದು. ಪೆಟ್ಟಿಗೆ ಇಳಿಸಿ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದ ಮರಿಯಯ್ಯನನ್ನು ಅಲ್ಲಿ ಕಂಡ ಚಿಕ್ಕಬೀರಯ್ಯ ಹೇಳಿದರಂತೆ: “ಕಂಬ್ಳಿಗೆ ಎಲ್ಲೈತ್ಲಾ ಮೈಲ್ಗೆ? ಪೂಜೆ ಮಾಡೋ ಅಯ್ನೋರೇ ಕಂಬ್ಳಿ ಮ್ಯಾಲೆ ಕುಂತ್ಕತ್ತಾರೆ. ಪೆಟ್ಗೆಗೆ ಕಂಬ್ಳಿ ಒದ್ಸು. ನೀರಾಕೋ ಕೆಲ್ಸ್ವೇ ಇರಾಕಿಲ್ಲ.” ಮಾತು ಹೇಳಿ ಸುಮ್ಮನಾಗದೆ ತಮ್ಮ ಹೆಗಲಿನ ಕರಿ ಕಂಬಳಿಯನ್ನೇ ತೆಗೆದು ಕೊಟ್ಟರಂತೆ.

ಆ ಕಂಬಳಿ ಹೊದ್ದು ಪೆಟ್ಟಿಗೆ ಆ ಊರಿಗೆ ಹೊರಟಿರುವುದು ಇವತ್ತೇ ಮೊದಲು. ಇವತ್ತು ಬನ್ನಿ ಎಂದು ಮರಿಯಯ್ಯನೇ ನನಗೆ ಹೇಳಿಕಳಿಸಿದ್ದಾರೆ.

ಬಿಸಿಲೇರುತ್ತದೆ. ರಾಗಿ ಕೊಯ್ದು ಎಷ್ಟೋ ಕಾಲವಾದ ಹೊಲಗಳು, ದಾರಿಯುದ್ದಕ್ಕೂ ಕೆಂಪು ಧೂಳು. ಮರಿಯಯ್ಯ ಮಾತು ಕಡಿಮೆ ಮಾಡಿದ್ದಾರೆ. ಹೊರೆಗಲ್ಲಿನ ಹತ್ತಿರ ಭಾರ ಇಳಿಸಿ ಕುತ್ತಿಗೆ ನೀವಿಕೊಳ್ಳುವಾಗ, ಇದಕ್ಕಿಂತ ಕಾಡಿನ ಮರ ಹೊರುವ ಕೆಲಸದಲ್ಲಿ ಹೆಚ್ಚು ಸಿಗುತ್ತದಲ್ಲ, ಇದನ್ನೇ ಯಾಕೆ ಹಿಡಿದುಕೊಂಡಿದ್ದೀರಿ ಎಂದು ಕೇಳುತ್ತೇನೆ. ನಾಚಿಕೊಂಡವರ ಹಾಗೆ ಹೇಳುತ್ತಾರೆ: “ಮರ ಕತೆ ಯೋಳ್ತದಾ?”

ಪೆಟ್ಟಿಗೆ ಬಂದ ದಿನ ಊರೂರಲ್ಲೂ ಚಾವಡಿಯಲ್ಲಿ ಜನ ಸೇರುತ್ತಾರೆ. ಮೇಷ್ಟರು ಯಾವುದೋ ಒಂದು ಪುಸ್ತಕ ತೆಗೆದು ಮೊದಲ ಅಧ್ಯಾಯ ಓದಿ ರುಚಿ ಹತ್ತಿಸುತ್ತಾರೆ. ಮುಂದಿನದನ್ನು ಬೇಕಾದವರು ದಿನವೂ ಬಂದು ಕೇಳಿಸಿಕೊಳ್ಳುತ್ತಾರೆ, ಇಲ್ಲವೇ ತಾವೇ ಓದಿಕೊಳ್ಳುತ್ತಾರೆ. ಮರಿಯಯ್ಯ ಮೊದಲ ಅಧ್ಯಾಯ ಮುಗಿದ ಕೂಡಲೇ ಹೊರಡಬೇಕು. ಅವರು ಮತ್ತೆ ಬರುವ ದಿನ ಪುಸ್ತಕಗಳು ಒಳಗೆ ಸೇರಿ, ಬೀಗ ಬಿದ್ದು, ಪೆಟ್ಟಿಗೆ ಕಲ್ಲಿನ ಮೇಲೆ ಕಾಯುತ್ತಿರುತ್ತದೆ. ಇಷ್ಟು ವರ್ಷ ಇಷ್ಟು ಪುಸ್ತಕ ಹೊತ್ತ ಈ ಮನುಷ್ಯ ಮೊದಲ ಅಧ್ಯಾಯ ಬಿಟ್ಟು ಬೇರೇನನ್ನೂ ಕೇಳಿಲ್ಲ ಎಂದು ನನಗೆ ಹೊಳೆಯಲು ತುಸು ಹೊತ್ತೇ ಬೇಕಾಯಿತು.

“ಎಲ್ಲಾ ಕತೇನೂ ಸುರುವಾಯ್ತದೆ, ಒಂದೂ ಮುಗ್ಯಾಕಿಲ್ಲ,” ಎಂದು ಅವರು ನಗುತ್ತಾರೆ. “ಒಬ್ಬ ಬಳೆಗಾರ ಅವ್ನೆ ಸೋಮಿ. ಮಳೆ ಬತ್ತದೆ ಅಂತ ಪಾಳುಮಂಟಪದೊಳಿಕ್ಕೆ ಓಯ್ತಾನೆ. ಕತ್ಲು. ಒಳಗೆ ಯಾರೋ ಕೆಮ್ಮುತಾರೆ. ಅಲ್ಲಿಗ್ ಮೇಷ್ಟ್ರು ಪುಸ್ತಕ ಮುಚ್ಚುಬುಟ್ರು. ಮೂರು ಬ್ಯಾಸ್ಗೆ ಆಯ್ತು. ಕೆಮ್ಮಿದ್ ಯಾರು ಅಂತ ಇವತ್ಗೂ ಗೊತ್ತಿಲ್ಲ.” ರಾಚಮ್ಮನೂ ಅವರೂ ಅದನ್ನು ಊಹಿಸಿ ಊಹಿಸಿ ಸುಸ್ತಾಗಿದ್ದಾರಂತೆ. ರಾಚಮ್ಮನ ಪ್ರಕಾರ ಅದು ಬಳೆಗಾರನ ಕಳೆದುಹೋದ ಅಣ್ಣ.

ಊರು ಬರುತ್ತದೆ. ಪೆಟ್ಟಿಗೆ ಕಲ್ಲಿನ ಮೇಲಿಳಿಯುತ್ತದೆ. ಮರಿಯಯ್ಯ ಕಂಬಳಿಯ ಅಂಚುಗಳನ್ನು ನಾಲ್ಕೂ ಕಡೆ ಸರಿಯಾಗಿ ಇಳಿಬಿಟ್ಟು, ಹಿಂದೆ ಸರಿದು ಹುಣಸೆಮರದ ಕೆಳಗೆ ನಿಲ್ಲುತ್ತಾರೆ. ಚಾವಡಿಯಲ್ಲಿ ಆಗಲೇ ಜನ ಸೇರಿದೆ. ಮಂಚಯ್ಯ ಚೆಂಬು ಹಿಡಿದೇ ಬರುತ್ತಾರೆ.

“ಇದೇನ್ಲಾ ಮರಿಯಾ, ಪೆಟ್ಗೆಗೆ ಚಳಿಯಾಯ್ತಾ?”

“ಕಂಬ್ಳಿ, ಬುದ್ಧಿ. ಚಿಕ್ಕಬೀರಯ್ಯಂದು. ಕಂಬ್ಳಿಗೆ ಮೈಲ್ಗೆ ಇಲ್ಲ ಅಂದ್ರು. ಅದ್ಕೇ ನೀರು…” ಮಾತು ಅಲ್ಲಿಗೇ ನಿಲ್ಲುತ್ತದೆ. ನೀರು ಬೇಡ ಎನ್ನುವಷ್ಟು ಮಾತನ್ನು ಅವರ ಬಾಯಿ ಇದುವರೆಗೆ ಆಡಿ ಅಭ್ಯಾಸವಿಲ್ಲ.

ಮಂಚಯ್ಯ ಯೋಚಿಸುತ್ತಾರೆ. ಒಮ್ಮೆ ಕಂಬಳಿಯನ್ನು, ಒಮ್ಮೆ ಚಾವಡಿಯಲ್ಲಿ ಕೂತವರನ್ನು ನೋಡುತ್ತಾರೆ. ಮೇಷ್ಟರು ವೀರಭದ್ರಸ್ವಾಮಿ ಬೀಗದ ಕೈಯನ್ನು ತಿರುಗಿಸುತ್ತ ನೆಲ ನೋಡುತ್ತಿದ್ದಾರೆ. ಅವರು ಒಂದು ಮಾತು ಆಡಿದರೆ ಸಾಕಿತ್ತು. ಆಡುವುದಿಲ್ಲ. ನನಗೆ ಸಿಟ್ಟು ಬರುತ್ತದೆ, ಆದರೆ ನಾನೂ ಆಡುವುದಿಲ್ಲ.

“ಕಂಬ್ಳಿಗಿಲ್ಲ, ಸರಿ ಕಣ್ಲಾ,” ಎನ್ನುತ್ತಾರೆ ಮಂಚಯ್ಯ ಕೊನೆಗೆ. “ಆದ್ರೂ ಒಂದ್ ಪದ್ಧತಿ ಅಂತ ಐತಲ್ಲ.” ಚೆಂಬು ಬಗ್ಗುತ್ತದೆ. ಎಂದಿನಂತೆ ಧಾರಾಳವಾಗಿಯೇ ಬಗ್ಗುತ್ತದೆ.

ನಾನು ಮರಿಯಯ್ಯನ ಮುಖ ನೋಡುತ್ತೇನೆ. ಅವರು ನೋಡುತ್ತಿರುವುದು ಕಂಬಳಿಯನ್ನು. ಎಷ್ಟೋ ಮಳೆಗಾಲಗಳಲ್ಲಿ ಕುರುಬರ ಬೆನ್ನು ಕಾದ ಕಂಬಳಿ ಅದು. ನೀರು ಅದರ ಮೇಲೆ ಮಣಿಮಣಿಯಾಗಿ ನಿಂತು, ಉರುಳಿ, ಅಂಚಿನಿಂದ ಕಲ್ಲಿನ ಮೇಲೆ ತೊಟ್ಟಿಕ್ಕುತ್ತದೆ. ಮಂಚಯ್ಯ ಕಂಬಳಿಯನ್ನು ಸರಿಸಿ ಪೆಟ್ಟಿಗೆಯ ಮುಚ್ಚಳ ಮುಟ್ಟಿ ನೋಡುತ್ತಾರೆ. ಒಣಗಿಯೇ ಇದೆ. ಅವರಿಗೂ ಸಮಾಧಾನವಾದಂತೆ ಕಾಣುತ್ತದೆ. “ಇದೇ ಒಳ್ಳೇದು ಕಣ್ಲಾ. ಇನ್ಮ್ಯಾಲೆ ಇಂಗೇ ತತ್ತಾ,” ಎನ್ನುತ್ತಾರೆ.

ಮರಿಯಯ್ಯ ಮರದ ಬುಡದಲ್ಲಿ ಕುಸಿದು ಕೂರುತ್ತಾರೆ. “ಪುಸ್ತಕ ನೆನೀಲಿಲ್ಲ,” ಎನ್ನುತ್ತಾರೆ ನನಗೆ. ಎರಡು ಸಲ ಹೇಳುತ್ತಾರೆ. ಕೆಲಸ ಉಳಿಯಿತು. ನೀರು ಚಿಮುಕಿಸುವ ಪದ್ಧತಿಯೂ ಉಳಿಯಿತು. ಇದನ್ನು ಗೆಲುವು ಎನ್ನಲು ನನಗೆ ಬಾಯಿ ಬರುತ್ತಿಲ್ಲ, ಆದರೆ ಅವರ ಮುಖದಲ್ಲಿ ನೆಮ್ಮದಿಯಿದೆ, ಅದನ್ನು ಅಲ್ಲಗಳೆಯುವುದಕ್ಕೆ ನಾನ್ಯಾರು?

ಚಾವಡಿಯಲ್ಲಿ ಓದು ಶುರುವಾಗುತ್ತದೆ. ವೀರಭದ್ರಸ್ವಾಮಿಗಳದು ಸಣ್ಣ ದನಿ. ಗಾಳಿ ಈ ಕಡೆ ಬೀಸಿದಾಗ ನಾಲ್ಕು ಮಾತು ಬರುತ್ತವೆ, ತಿರುಗಿದಾಗ ಬರೀ ಎಲೆ ಅಲುಗಾಡುವ ಸದ್ದು. ಮರಿಯಯ್ಯ ಕಿವಿಯ ಹಿಂದೆ ಅಂಗೈ ಇಟ್ಟು ಕೂತಿದ್ದಾರೆ. ಒಳಗಿನವರು ನಗುತ್ತಾರೆ. ಯಾಕೆಂದು ತಿಳಿಯದಿದ್ದರೂ ಮರಿಯಯ್ಯನೂ ನಗುತ್ತಾರೆ.

ಅಧ್ಯಾಯ ಮುಗಿಯುತ್ತದೆ. ಜನ ಏಳುತ್ತಾರೆ. ನಾನು ಹೇಳುತ್ತೇನೆ: “ಆ ಬಳೆಗಾರನ ಪುಸ್ತಕ ಇದೇ ಪೆಟ್ಟಿಗೆಯಲ್ಲಿರಬೇಕು. ಒಳಗೆ ಹೋಗಿ ನೋಡಿ ಬರಲೇ? ಕೆಮ್ಮಿದ್ದು ಯಾರೆಂದು ಈಗಲೇ ಹೇಳಿಬಿಡುತ್ತೇನೆ.”

ಅವರು ಗಾಬರಿಯಿಂದ ನನ್ನ ಕಡೆ ಕೈ ಚಾಚುತ್ತಾರೆ, ಮುಟ್ಟದೆ ಅರ್ಧಕ್ಕೇ ನಿಲ್ಲಿಸುತ್ತಾರೆ.

“ಬ್ಯಾಡಿ ಸೋಮಿ, ನೀವ್ ಯೋಳ್ಬ್ಯಾಡಿ. ಮೇಷ್ಟ್ರೇ ಓದ್ಬೇಕು. ಅಲ್ಲಿ ಕುಂತೋರ್ಗೆ ಓದ್ದಂಗೇ ನಂಗೂ ಓದ್ಬೇಕು. ಅದ್ನ ಒತ್ಕಂಡ್ ಬಂದೋನು ನಾನಲ್ವಾ? ಪೆಟ್ಗೆ ತಗಂಡೋಗಾಕೆ ಬಂದ್ ದಿನ, ಬೀಗ ಆಕೋಕ್ ಮುಂಚೆ, ಕೊನೇ ಹಾಳೆ ಒಂದೇ ಒಂದು ಓದ್ಲಿ.” ಸಿಂಬಿಯನ್ನು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. “ವಸಿ ಜೋರಾಗ್ ಓದ್ಲಿ. ಈ ಮರದ ಗಂಟ ಕೇಳ್ಸಂಗೆ.”