ಬೇವು ಕಟ್ಟಿದ ಬಾಗಿಲ ಮುಂದೆ ಅಂಬಿಕ

ಸಂತೆಬಾಚಹಳ್ಳಿ ಕಡೆಯ ಈ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡೇರಿಗೆ ಹಾಲು ಹಾಕಲು ಹೊರಟವರ ನಡುವೆ ಆಶಾ ಕಾರ್ಯಕರ್ತೆ ಅಂಬಿಕ ಗುಲಾಬಿ ಸೀರೆಯುಟ್ಟು ಮನೆ ಮನೆಯ ಬಾಗಿಲು ಬಡಿಯುತ್ತಿದ್ದಾರೆ. ಇವತ್ತು ಗುರುವಾರ, ಅಂಗನವಾಡಿಯಲ್ಲಿ ಮಕ್ಕಳಿಗೆ ಲಸಿಕೆ. ತಾಯಂದಿರು ಗದ್ದೆಗೆ ಹೋಗುವ ಮುಂಚೆ ಹೇಳದಿದ್ದರೆ ಆಮೇಲೆ ಯಾರೂ ಸಿಗುವುದಿಲ್ಲ.

ತಿಮ್ಮಮ್ಮನವರ ಮನೆ ಮುಂದೆ ಮಾತ್ರ ಅವರು ನಿಂತೇಬಿಡುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಅಂದರೆ ಒಳಗೆ ಯಾರಿಗೋ ಮೈಮೇಲೆ ಗುಳ್ಳೆಯೆದ್ದು ಅಮ್ಮ ಆಗಿದೆ, ದೇವಿ ಮನೆಯಲ್ಲಿದ್ದಾಳೆ, ಹೊರಗಿನವರು ಬರುವಂತಿಲ್ಲ, ಸೂಜಿ ಮಾತ್ರೆಯ ಮಾತೇ ಇಲ್ಲ. ಒಳಗಿರುವುದು ತಿಮ್ಮಮ್ಮನವರ ಮೊಮ್ಮಗ ಅಭಿ. ಒಂಬತ್ತು ತಿಂಗಳು ತುಂಬಿದ ಅವನಿಗೆ ಇವತ್ತು ದಡಾರದ ಲಸಿಕೆ ಹಾಕಿಸಬೇಕು.

“ಒಳೀಕ್ ಓಗ್ಲಾ, ಬ್ಯಾಡ್ವಾ? ನೀವೇ ಏಳಿ ಸಾರ್” ಎಂದು ಅಂಬಿಕ ನನ್ನನ್ನೇ ಕೇಳುತ್ತಾರೆ. ಪತ್ರಿಕೆಗೆ ಬರೆಯಲು ಬಂದವನಿಗೆ ಏನು ಗೊತ್ತು, ಮಣ್ಣು.

ಹೋದ ವರ್ಷ ಪಕ್ಕದ ಬೀದಿಯಲ್ಲಿ ಇಂಥದೇ ಬೇವು ಕಂಡು ಅಂಬಿಕ ಕೈಮುಗಿದು ಹಿಂದಿರುಗಿದ್ದರು. ಆ ಮನೆಯ ಪುಟ್ಟ ಹುಡುಗಿ ದೀಪಳಿಗೆ ನಿಜವಾಗಿ ದಡಾರ ಬಂದಿತ್ತು. ಕಿವಿ ಸೋರಿ, ಉಸಿರಾಟ ಕಷ್ಟವಾದ ಮೇಲಷ್ಟೇ ಸಾಂಕ್ರಾಮಿಕ ರೋಗದ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಎಡಗಿವಿ ಹೋಯಿತು.

“ಅಮ್ಮನ್ ಮಾತು ಮೀರ್ಬಾರ್ದು ಅಂತ ಇಂದಕ್ ಬಂದೆ. ಅಂಗಾರೆ ಅಮ್ಮ ಯಾಕಿಂಗ್ ಮಾಡಿದ್ಲು? ನಂಗ್ ಇವತ್ತಿಗೂ ತಿಳೀದು” ಎನ್ನುತ್ತಾರೆ. ಹೇಳುತ್ತಲೇ ಚಪ್ಪಲಿ ಬಿಟ್ಟು, ತೊಟ್ಟಿಯ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋಗುತ್ತಾರೆ. ನಾನೂ ಹಿಂದೆಯೇ ಹೋಗುತ್ತೇನೆ.

ಅಭಿ ಚಾಪೆಯ ಮೇಲೆ ಕೇಕೆ ಹಾಕುತ್ತಿದ್ದಾನೆ. ಮೈಮೇಲೆ ಒಂದು ಗುಳ್ಳೆಯಿಲ್ಲ, ಹಣೆ ಬೆಚ್ಚಗೂ ಇಲ್ಲ. ತಾಯಿ ಅರ್ಪಿತ ತಲೆ ತಗ್ಗಿಸುತ್ತಾಳೆ. ತಿಮ್ಮಮ್ಮನವರೇ ಬಾಯಿಬಿಡುತ್ತಾರೆ: “ಪಕ್ಕದ್ಮನೆ ಕೂಸ್ಗೆ ಸೂಜಿ ಚುಚ್ಚುದ್ಮೇಲೆ ಮೈ ಕೆಂಡ ಆಗೋಗಿತ್ತು. ನಂಗ್ ದಿಗ್ಲಾಯ್ತು. ಬೇವು ಕಟ್ಬುಟ್ರೆ ನೀನ್ ಬರಾಕಿಲ್ಲ ಅಂತ ಕಟ್ದೆ ಕಣವ್ವ.”

“ಅಂಗಾರೆ ಬಿಚ್ಚಜ್ಜಿ, ಕೂಸ್ನ ಕರ್ಕೊಂಡ್ ಓಗಾನ.”

“ಬಿಚ್ಚದಾ? ಕಟ್ಟುದ್ಮೇಲೆ ಮೂರು ಸಲ ಬೇವಿನ್ ನೀರ್ ಉಯ್ಯಗಂಟ ಬಿಚ್ಚಂಗಿಲ್ಲ. ಅಮ್ಮ ಸುಮ್ಕಿದ್ದಾಳಾ?”

ಸುಳ್ಳು ಬೇವು, ನಿಜವಾದ ಭಯ! ಅಂಬಿಕ ಕಂಬಕ್ಕೆ ಒರಗಿ ಕೂರುತ್ತಾರೆ. ಅವರಿಗೂ ಅಮ್ಮನೆಂದರೆ ಭಯವೇ. ಬೇವು ಬಿಚ್ಚಲು ಅವರ ಕೈಯೂ ಏಳುವುದಿಲ್ಲ. ಸೊಸೆ ಅತ್ತೆಯ ಮುಖ ನೋಡುತ್ತಾಳೆ, ಅತ್ತೆ ಅಂಬಿಕರ ಮುಖ ನೋಡುತ್ತಾರೆ.

“ಜರ ಬಂದ್ರೆ ನಾನೇ ಬಂದು ಕೂಸಿನ್ ಪಕ್ಕ ಕೂತ್ಕತೀನಿ ಅಜ್ಜಿ. ದೀಪನ್ ಕಂಡಿದ್ದೀಯಲ್ಲ” ಎನ್ನುತ್ತಾರೆ ಅಂಬಿಕ.

ತಿಮ್ಮಮ್ಮ ಎದ್ದು ಹಿತ್ತಲ ಬಾಗಿಲ ಅಗುಳಿ ತೆಗೆಯುತ್ತಾರೆ. “ಬೇವು ಮುಂದ್ಲ ಬಾಗ್ಲಲ್ಲದೆ. ಇತ್ಲ ಬಾಗ್ಲಲ್ಲಿ ಇಲ್ವಲ್ಲ” ಎಂದು ತಾವೇ ಕೂಸನ್ನು ಎತ್ತಿಕೊಳ್ಳುತ್ತಾರೆ. ಹಿತ್ತಲಿನ ತಿಪ್ಪೆ ಸುತ್ತಿಕೊಂಡು ನಾವೆಲ್ಲ ಕಳ್ಳರ ಹಾಗೆ ಅಂಗನವಾಡಿಗೆ ಹೋಗುತ್ತೇವೆ. ಹೊತ್ತೇರಿದ ಮೇಲೆ ನರ್ಸಮ್ಮ ಬಂದು ಸೂಜಿ ಹಾಕುತ್ತಾರೆ, ಅಭಿ ಊರೇ ಎದ್ದು ಬರುವ ಹಾಗೆ ಅಳುತ್ತಾನೆ.

ವಾಪಸ್ಸು ಬರುವಾಗ ದೀಪ ಜಗಲಿಯ ಮೇಲೆ ಆಡುತ್ತಿದ್ದಾಳೆ. ಅಂಬಿಕ ಸುತ್ತಿ ಬಳಸಿ ಅವಳ ಬಲಗಡೆಗೆ ಹೋಗಿ, ಆಮೇಲೆ ಹೆಸರು ಹಿಡಿದು ಕರೆಯುತ್ತಾರೆ. ಮಗು ತಿರುಗಿ ನಗುತ್ತದೆ.

“ಇವತ್ ಮಾಡಿದ್ದು ಸರಿನೋ ತಪ್ಪೋ, ನಂಗ್ ಗೊತ್ತಿಲ್ಲ ಸಾರ್. ಅಭಿ ಮಾತ್ರ ಯಾವ್ ಮಗ್ಗುಲಿಂದ ಕರುದ್ರೂ ತಿರುಗ್ಲಿ.”