ಗುಡ್ಡೆಯ ತಲೆಯ ಮಣ್ಣು

ಅಣ್ಣ ತೀರಿಕೊಂಡು ಐದು ತಿಂಗಳಾದ ಮೇಲೆ, ಅವನು ಕೊನೆಯದಾಗಿ ಮಣ್ಣು ತೆಗೆದಿದ್ದ ಕಲ್ಲುಗಣಿಗೆ ನಾನು ಮತ್ತೆ ಹೋಗಬೇಕಾಯಿತು. ಮನಸ್ಸಿರಲಿಲ್ಲ. ಸಿಂಗಾನಲ್ಲೂರಿನಲ್ಲಿ ಬಸ್ಸು ಹತ್ತಿ ಕುಳಿತ ಮೇಲೂ ಇಳಿದುಬಿಡೋಣವೇ ಅನ್ನಿಸುತ್ತಿತ್ತು. ಮಣ್ಣು ಪರೀಕ್ಷೆ ಮಾಡುವ ಲ್ಯಾಬೊಂದಕ್ಕೆ ನಾವಿಬ್ಬರೂ ಹನ್ನೊಂದು ವರ್ಷ ಜೊತೆಯಾಗಿ ದುಡಿದವರು. ಅವನು ಅಗೆದು ಚೀಲ ತುಂಬುತ್ತಿದ್ದ, ನಾನು ಚೀಟಿ ಬರೆಯುತ್ತಿದ್ದೆ. ಈಗ ಸಲಿಕೆಯೂ ನನ್ನದೇ, ಪೆನ್ನೂ ನನ್ನದೇ.

ಗಣಿ ಇರುವುದು ಕುನ್ನತ್ತೂರಿನಿಂದ ಆಚೆ. ಕಲ್ಲು ತೆಗೆದು ಮುಗಿದಿದೆ. ಗುಂಡಿ ತೋಡುವಾಗ ಕೆರೆದು ಗುಡ್ಡೆ ಹಾಕಿದ್ದ ಮಣ್ಣನ್ನು ಈಗ ಕಲ್ಲುಚೂರಿನ ಮೇಲೆ ಹರಡಿ ಗಿಡ ಬೆಳೆಸಬೇಕು. ಆ ಮಣ್ಣು ಅದಕ್ಕೆ ಆದೀತೇ ಎಂದು ನೋಡಿ ಹೇಳುವುದು ನಮ್ಮ ಕೆಲಸ. ಆಗುತ್ತದೆ ಎಂದು ಅಣ್ಣ ಹೇಳಿದ್ದ. ಅವನ ಮಾತು ನಂಬಿ ಒಂದು ಪಟ್ಟಿಯಷ್ಟು ಜಾಗದಲ್ಲಿ ಮಣ್ಣು ಹರಡಿ ಹೊಂಗೆ ನೆಟ್ಟಿದ್ದರು.

ಗಣಿಯ ಮೇಸ್ತ್ರಿ ಕಾರಮಡೈ ಕಡೆಯವನು, ಈ ತಮಿಳು ಸೀಮೆಯಲ್ಲೂ ನಮ್ಮ ಹಾಗೆ ಮನೆಯಲ್ಲಿ ಕನ್ನಡ ಮಾತಾಡುವವನು. ನನ್ನನ್ನು ಕಂಡವನೇ, “ಬನ್ನಿಂಗಕ್ಕ, ನಿಮ್ಮಣ್ಣ ಪಾಸ್ ಮಾಡಿದ ಮಣ್ಣು ನೋಡುಂಗ. ಗಿಡಕ್ಕೆಲ್ಲ ಕಾಮಾಲೆ ಬಂದೈತೆ. ಆಸ್ಪತ್ರೆಗೆ ಕರ್ಕೊಂಡು ಹೋಗಾಣ ಅಂದ್ರೆ ಇಷ್ಟು ಜನ ಬಸ್ಸಲ್ಲಿ ಹಿಡಿಯಲ್ಲ,” ಅಂದ. ಆಮೇಲೆ ನನ್ನ ಮುಖ ನೋಡಿ, “ತಪ್ಪಾ ತಿಳ್ಕೋಬೇಡಿಂಗ,” ಅಂದ.

ಎಲೆಗಳು ಹಳದಿಯಾಗಿದ್ದವು, ನರ ಮಾತ್ರ ಹಸಿರು. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಗಿಡ ಹೀಗಾಗುತ್ತದೆ. ಗಿಡದ ಬುಡದ ಮಣ್ಣಿಗೆ ಒಂದು ಹನಿ ಆಸಿಡ್ ಬಿಟ್ಟೆ. ಸೋಡಾದ ಹಾಗೆ ಬುಸುಗುಟ್ಟಿ ನೊರೆ ಬಂತು. ಅಣ್ಣ ತೆಗೆದ ಒಂಬತ್ತು ಚೀಲಗಳಲ್ಲಿ ಒಂದರ ಮಣ್ಣಿನಲ್ಲೂ ನೊರೆ ಬಂದಿರಲಿಲ್ಲ.

ಇಂಥ ದೊಡ್ಡ ಗುಡ್ಡೆಯಾದರೆ ಬುಡದಲ್ಲಿ, ನಡುವಿನಲ್ಲಿ, ತಲೆಯಲ್ಲಿ ಮೂರು ಮೂರು ಕಡೆ ಅಗೆಯಬೇಕು. ಪ್ರತಿ ಕಡೆಯ ಮಣ್ಣನ್ನೂ ಬಟ್ಟೆಯ ಮೇಲೆ ಕಲಸಿ, ನಾಲ್ಕು ಪಾಲು ಮಾಡಿ, ಎದುರೆದುರಿನ ಎರಡು ಪಾಲು ಚೆಲ್ಲಬೇಕು. ಉಳಿದದ್ದನ್ನು ಮತ್ತೆ ಹಾಗೆಯೇ ಮಾಡುತ್ತಾ ಅರ್ಧ ಕಿಲೋಗೆ ಇಳಿಸಬೇಕು. ಅಷ್ಟು ಮಾಡಿ ಅಣ್ಣ ಗುಡ್ಡೆಯ ಹಿಂದಿನಿಂದ, “ಅಮ್ಮಣಿ, ತಲೆ ಒಂದು!” ಎಂದು ಕೂಗುತ್ತಿದ್ದ. ನಾನು ಬೇವಿನ ನೆರಳಲ್ಲಿ ಕುಳಿತು ಬರೆಯುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಎದ್ದು ಹೋಗಿ ನೋಡಿದವಳಲ್ಲ.

ಸಲಿಕೆ ಹಿಡಿದು ಹತ್ತತೊಡಗಿದೆ. ಕಾಲಿಟ್ಟಲ್ಲೆಲ್ಲ ಮಣ್ಣು ಜಾರುತ್ತಿತ್ತು. ಅರ್ಧ ದಾರಿಯಲ್ಲಿ ಉಸಿರು ಸಾಲದೆ ಕುಳಿತುಬಿಟ್ಟೆ. ಅಲ್ಲಿ ಅಗೆದ ಮಣ್ಣು ಬೆಳ್ಳಗಿತ್ತು, ಇಲ್ಲಿನವರು ಸುಕ್ಕಾನ್ ಅನ್ನುವ ಸುಣ್ಣದ ಹರಳು ತುಂಬಿದ ಮಣ್ಣು. ತಲೆಯಲ್ಲೂ ಅದೇ. ಬುಡದಲ್ಲಿ ಮಾತ್ರ ಒಳ್ಳೆಯ ಕೆಮ್ಮಣ್ಣು.

ಮೇಸ್ತ್ರಿ ಕೆಳಗಿನಿಂದಲೇ ಹೇಳಿದ: “ಮೊದ್ಲು ಕೆರೆದಿದ್ದು ಕೆಮ್ಮಣ್ಣುಂಗ. ಗುಂಡಿ ಆಳ ಆದಂಗೆ ಸುಕ್ಕಾನ್ ಬಂತು. ಅದನ್ನ ಅದ್ರ ಮೇಲೇ ಸುರಿದ್ರು.”

ಅಂದರೆ ಅಣ್ಣ ಮೇಲೆ ಹತ್ತಿಯೇ ಇರಲಿಲ್ಲ. ಬುಡದ ಸುತ್ತ ಒಂಬತ್ತು ಕಡೆ ಅಗೆದು, ತಲೆ ಎಂದೂ ನಡು ಎಂದೂ ಕೂಗಿದ್ದ. ಒಂಬತ್ತು ಚೀಲವೂ ಒಂದೇ ಕೆಂಪು. ನಾನು ಅದನ್ನು ಕಂಡಿದ್ದೆ, ಕಂಡೂ ಬರೆದಿದ್ದೆ. “ಇವತ್ತು ಬೇಗ ಮುಗಿಸ್ಬಿಟ್ಟೆಯಲ್ಲಣ್ಣ, ಮಧ್ಯಾಹ್ನದ ಬಸ್ಸೇ ಸಿಗ್ತದೆ,” ಎಂದು ಖುಷಿಪಟ್ಟಿದ್ದೆ ಬೇರೆ. “ವಯಸ್ಸಾದಂಗೆ ಕೈ ಪಳಗ್ತದೆ ಅಮ್ಮಣಿ,” ಅಂದಿದ್ದ. ಎರಡು ತಿಂಗಳಿಗೆ ಅವನ ಹೃದಯ ನಿಂತಿತು.

ಮಣ್ಣು ತುಂಬಿ ಇಳಿದಾಗ ಮೈಯಲ್ಲಿ ಕಸುವೇ ಉಳಿದಿರಲಿಲ್ಲ. ಮೊದಲ ವರದಿ ಯಾಕೆ ತಪ್ಪಾಯಿತು ಎಂದು ಹಾಳೆಯಲ್ಲಿ ಬರೆದು ಸಹಿ ಹಾಕಬೇಕಿತ್ತು. ಹನ್ನೊಂದು ವರ್ಷ ಅಣ್ಣನ ಮಣ್ಣನ್ನು ಯಾರೂ ಎರಡನೇ ಸಲ ಪರೀಕ್ಷಿಸಿದವರಿಲ್ಲ. ಅವನು ತೆಗೆದದ್ದು ಅಂದರೆ ಮುಗಿಯಿತು. ಮನೆಯವರಿಗೆ ಅವನು ಉಳಿಸಿಹೋದದ್ದು ಆ ಹೆಸರೊಂದೇ.

ಪೆನ್ನು ಹಿಡಿದು ಸುಮ್ಮನೆ ಕುಳಿತವಳನ್ನು ನೋಡಿ ಮೇಸ್ತ್ರಿ ದನಿ ಇಳಿಸಿದ. “ಲ್ಯಾಬಲ್ಲಿ ಚೀಲ ಅದಲುಬದಲು ಆಯ್ತು ಅಂತ ಹಾಕಿಬಿಡುಂಗಕ್ಕ. ಹೋದವರ ಮೇಲೆ ಯಾಕೆ?”

ಹಾಗೆ ಬರೆದರೆ ಲ್ಯಾಬಿನಲ್ಲಿ ಚೀಲ ಬಿಚ್ಚುವ ಹೆಣ್ಣುಮಗಳ ತಲೆಗೆ ಬರುತ್ತದೆ. ಅವಳು ಅಣ್ಣನ ಹದಿಮೂರನೇ ದಿನಕ್ಕೆ ಬಂದು, ಹಿತ್ತಲಲ್ಲಿ ಕುಳಿತು ಪಾತ್ರೆ ತೊಳೆದು ಹೋದವಳು. ನಾನು ಬರೆದೆ: ಮೊದಲು ತೆಗೆದ ಒಂಬತ್ತೂ ಗುಡ್ಡೆಯ ಬುಡದ ಮಣ್ಣು. ತಲೆ, ನಡು ಎಂದು ಚೀಟಿ ಬರೆದವಳು ನಾನು. ಎಲ್ಲಿಂದ ಅಗೆದದ್ದೆಂದು ಎದ್ದು ನೋಡಲಿಲ್ಲ. ಮೇಲಿನ ಸುಕ್ಕಾನ್ ಮಣ್ಣನ್ನು ಬೇರೆ ತೆಗೆದು ಕೆಳಗೆ ತುಂಬಿ, ಅದರ ಮೇಲೆ ಕೆಮ್ಮಣ್ಣು ಹರಡಿದರೆ ಗಿಡ ಬದುಕುತ್ತದೆ.

ಲ್ಯಾಬಿನವರಿಂದ ತಿಳಿಯುವ ಮೊದಲೇ ಹೇಳಬೇಕೆಂದು ಬಸ್ ಸ್ಟಾಪಿನಿಂದ ಅತ್ತಿಗೆಗೆ ಫೋನು ಮಾಡಿದೆ. ನಡೆದದ್ದನ್ನೂ ಬರೆದದ್ದನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

“ಮಲಗಿದ್ರೆ ಉಸಿರು ಸಿಗ್ತಿರ್ಲಿಲ್ಲ, ಆಗ್ಲೇ ಗೋಡೆಗೆ ಒರಗಿ ಕೂತ್ಕೊಂಡೇ ನಿದ್ದೆ ಮಾಡ್ತಿದ್ರು,” ಅಂದರು. “ನಿಂಗೆ ಹೇಳ್ಬೇಡ ಅಂದಿದ್ರು, ನೀನು ಕೆಲ್ಸ ಬಿಡ್ಸಿಬಿಡ್ತೀಯ ಅಂತ.”

ಅತ್ತಿಗೆ ಮುಂದುವರಿಸಿದರು:

“ಆ ಗಣಿಗೆ ಇನ್ನೊಂದ್ಸಲ ಹೋಗ್ಬೇಕು ಅಂತಾನೇ ಇದ್ರು. ಅಮ್ಮಣಿನ ಏನಂತ ಹೇಳಿ ಕರ್ಕೊಂಡು ಹೋಗ್ಲಿ, ಅಂತ ನನ್ನನ್ನ ಕೇಳೋರು.”

ಬಸ್ಸು ಬಂತು. ನಾನು ಕೈ ಎತ್ತಲಿಲ್ಲ, ಅದು ನಿಲ್ಲಲಿಲ್ಲ.